ಮೇ ತಿಂಗಳಲ್ಲಿ ಹುಟ್ಟಿದವರು

ಕಳೆದ ಮೇ 31ರಂದು ಒಂದೇ ದಿನ ಮೂರು ಬೀಳ್ಕೊಡುಗೆಗಳಿಗೆ ಹೋಗಬೇಕಾಯಿತು. ಬೆಳಗ್ಗೆ ಒಂದು ಗ್ರಾಮ ಕಚೇರಿ, ಮಧ್ಯಾಹ್ನ ಒಂದು ಶಾಲೆ, ಸಂಜೆ ನೆರೆಮನೆಯ ಅಂಗಳ. ಮೂರೂ ಕಡೆ ಅದೇ ಶಾಲು, ಅದೇ ಹಣ್ಣಿನ ಬುಟ್ಟಿ, ಹೆಚ್ಚುಕಡಿಮೆ ಅದೇ ಮಾತು. ನಿವೃತ್ತರಾದ ಮೂವರಿಗೂ ಮೇ ತಿಂಗಳಲ್ಲಿಯೇ 56 ತುಂಬಿತ್ತು. ಅದನ್ನು ಯಾರೂ ಆಶ್ಚರ್ಯವೆಂದು ಎಣಿಸಲಿಲ್ಲ. ಕೇರಳದಲ್ಲಿ ಪ್ರತಿವರ್ಷವೂ ಮೇ ತಿಂಗಳ ಕೊನೆಯ ದಿನ ಸಾವಿರಗಟ್ಟಲೆ ಸರಕಾರಿ ನೌಕರರು ಒಟ್ಟಿಗೆ ಮನೆಗೆ ಮರಳುತ್ತಾರೆ. ಬೇರೆ ಯಾವ ತಿಂಗಳಿಗೂ ಇಲ್ಲದ ಈ ದಟ್ಟಣೆ ಮೇ ತಿಂಗಳಿಗೆ ಬಂದುದು ಹೇಗೆ?

ಉತ್ತರ ನಮ್ಮ ಹಳೆಯ ಶಾಲೆಗಳ ದಾಖಲಾತಿ ಪುಸ್ತಕದಲ್ಲಿದೆ. ಜನನ ಪ್ರಮಾಣಪತ್ರವೆಂಬುದು ಮನೆಮನೆಗೆ ತಲುಪದಿದ್ದ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬಂದ ಹಿರಿಯರು ಹೇಳುತ್ತಿದ್ದುದು ತಾರೀಕನ್ನಲ್ಲ. ಆ ವರ್ಷದ ದೊಡ್ಡ ಬೊಳ್ಳದ ಮರುದಿನ ಹುಟ್ಟಿದ್ದು ಎಂದೋ, ಪತ್ತನಾಜೆಗೆ ಇನ್ನೆರಡು ದಿನವಿದ್ದಾಗ ಎಂದೋ ಹೇಳುವರು. ಜೂನ್ ಒಂದಕ್ಕೆ ಶಾಲೆ ತೆರೆಯುತ್ತದೆ. ಅಂದಿಗೆ ಮಗುವಿಗೆ ಐದು ತುಂಬಿರಬೇಕು. ಎದುರಿಗೆ ನಿಂತ ಮಗು ಶಾಲೆಗೆ ಬರುವಷ್ಟು ಬೆಳೆದಿದೆ, ಸ್ಲೇಟನ್ನೂ ಹಿಡಿದುಕೊಂಡಿದೆ. ಮರಳಿ ಕಳುಹಿಸಲು ಮುಖ್ಯೋಪಾಧ್ಯಾಯರಿಗೆ ಮನಸ್ಸು ಬಾರದು. ಮೇ ತಿಂಗಳ ಯಾವುದೋ ಒಂದು ದಿನವನ್ನು ಬರೆದುಬಿಟ್ಟರೆ ಐದು ವರ್ಷ ಸರಿಯಾಗಿ ತುಂಬುತ್ತದೆ. ಹಾಗೆ ಬರೆದವರು ಕೆಟ್ಟವರಲ್ಲ, ಮಗುವಿಗೆ ಒಂದು ವರ್ಷ ಉಳಿಸಿಕೊಟ್ಟೆನೆಂಬ ಸಮಾಧಾನ ಅವರದು. ಆ ಮಗು ಮುಂದೆ ಸರಕಾರಿ ನೌಕರಿಗೆ ಸೇರಿ, ಅದೇ ತಾರೀಕು ಸೇವಾ ಪುಸ್ತಕಕ್ಕೆ ಇಳಿದು, ಐವತ್ತೊಂದು ವರ್ಷದ ಬಳಿಕ ಉಳಿಸಿಕೊಟ್ಟ ವರ್ಷವನ್ನು ಮರಳಿ ಕೇಳೀತೆಂದು ಅವರಿಗೆ ಹೊಳೆಯಲಿಲ್ಲ.

ಸಂಜೆ ನಾನು ಹೋದ ನೆರೆಮನೆಯ ಟೀಚರರ ವಿಷಯವೂ ಹೀಗೆಯೇ. ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ, ಊರಿನ ಅರ್ಧ ಮಂದಿ ಹಾಗೆಯೇ ಕರೆಯುವುದು. ಏಳು ಮಕ್ಕಳಲ್ಲಿ ಮೊದಲನೆಯವರು. ಹುಟ್ಟಿದ್ದು ಸೋಣ ತಿಂಗಳಲ್ಲಿ ಎಂದು ಅವರ ತಾಯಿ ಕೊನೆಯವರೆಗೂ ಹೇಳುತ್ತಿದ್ದರು. ಸೋಣವೆಂದರೆ ಆಗಸ್ಟ್ ನಡುವಿನಿಂದ ಮುಂದಕ್ಕೆ. ಪುಸ್ತಕದಲ್ಲಿರುವುದು ಅದಕ್ಕೆ ಮೂರು ತಿಂಗಳು ಹಿಂದಿನ ಮೇ. ಮೂರು ತಿಂಗಳ ವ್ಯತ್ಯಾಸ ದೊಡ್ಡದೇ ಎಂದು ಕೇಳಬಹುದು. ಕೇರಳ ಸೇವಾ ನಿಯಮದಲ್ಲಿ ಅಧ್ಯಾಪಕರಿಗಾಗಿ ಒಂದು ವಿಶೇಷ ಏರ್ಪಾಡಿದೆ. ಅಧ್ಯಯನ ವರ್ಷದ ನಡುವೆ ನಿವೃತ್ತಿಯ ವಯಸ್ಸು ತುಂಬಿದರೆ ಅವರು ಆ ವರ್ಷ ಮುಗಿಯುವವರೆಗೂ ಮುಂದುವರಿಯುತ್ತಾರೆ. ಮಕ್ಕಳ ಪಾಠ ನಡುವೆ ಕಡಿಯಬಾರದೆಂಬ ಒಳ್ಳೆಯ ಉದ್ದೇಶ ಅದರದು. ಅಕ್ಕನ ನಿಜವಾದ ತಿಂಗಳು ಬರೆಯಲ್ಪಟ್ಟಿದ್ದರೆ ಅವರು ಇಂದು ತರಗತಿಯಲ್ಲಿರುತ್ತಿದ್ದರು, ಬೇಸಿಗೆ ಬರುವವರೆಗೂ ಇರುತ್ತಿದ್ದರು. ಸೇವೆಯ ಕೊನೆಗಾಲದಲ್ಲಿ ಜನ್ಮದಿನವನ್ನು ತಿದ್ದಿಸಲು ಹೊರಟವರ ಮಾತನ್ನು ನ್ಯಾಯಾಲಯಗಳು ಒಪ್ಪಿದ್ದು ಬಹಳ ಕಡಿಮೆ. ಅಕ್ಕ ಅದಕ್ಕೆ ಕೈಹಾಕಲೂ ಇಲ್ಲ. “ಮಾಸ್ತರರು ಬರೆದದ್ದಲ್ಲವೇ, ಇರಲಿ” ಎಂದರು.

ಇಷ್ಟು ಹೇಳಿದ್ದು ಒಬ್ಬರ ಸಂಬಳದ ಲೆಕ್ಕವನ್ನು ಊರಿಗೆ ಸಾರಲಿಕ್ಕಲ್ಲ. ನಮ್ಮ ಮಕ್ಕಳು ಜೂನ್ ತಿಂಗಳಲ್ಲಿ ಖಾಲಿ ಕುರ್ಚಿಯ ಎದುರು ಏಕೆ ಕುಳಿತುಕೊಳ್ಳುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಈ ವಯಸ್ಸಿನ ಲೆಕ್ಕ ಗೊತ್ತಿರಬೇಕು.

ನಿವೃತ್ತಿಯ ವಯಸ್ಸು ಗಡಿಗೊಂದು ಬಗೆಯದು. ತಲಪಾಡಿಯ ಆಚೆಗಿನ ಸರಕಾರಿ ಶಾಲೆಯ ಅಧ್ಯಾಪಕರು 60ರವರೆಗೆ ಪಾಠ ಮಾಡುತ್ತಾರೆ. ಈಚೆಗೆ ಮಂಜೇಶ್ವರದಲ್ಲಿ ಅದೇ ಕನ್ನಡ, ಅದೇ ಗಣಿತ ಕಲಿಸಿದವರು 56ಕ್ಕೆ ಹೊರಡುತ್ತಾರೆ. ಹೊಸೂರು, ತಾಳವಾಡಿಯ ಕನ್ನಡ ಅಧ್ಯಾಪಕರಿಗೆ ತಮಿಳುನಾಡಿನ 60, ಅಕ್ಕಲಕೋಟೆ ಜತ್ತದ ಕಡೆಯವರಿಗೆ ಮಹಾರಾಷ್ಟ್ರದ 58, ಆದೋನಿ ಮಡಕಶಿರದವರಿಗೆ ಆಂಧ್ರಪ್ರದೇಶದ 62. ಕೇರಳದಲ್ಲಿ ಇದು ಬಹುಕಾಲ 55 ಇತ್ತು, 2012ರಲ್ಲಿ 56 ಆಯಿತು. ಆದರೆ 2013ರ ಎಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಕೊಡುಗೆ ಪಿಂಚಣಿಯ ಪದ್ಧತಿ ಬಂದು, ಅವರ ನಿವೃತ್ತಿಯ ವಯಸ್ಸು 60 ಎಂದಾಯಿತು. ಹೀಗಾಗಿ ಇಂದು ಒಂದೇ ಅಧ್ಯಾಪಕರ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ, ಎರಡು ಕಾಯಿದೆಯ ಮಂದಿ ಕುಳಿತಿದ್ದಾರೆ. 30ರ ಪ್ರಾಯದಲ್ಲಿ 2012ರಲ್ಲಿ ಸೇರಿದವರು 2038ರಲ್ಲಿ ಹೊರಡುತ್ತಾರೆ, ಖಜಾನೆಯ ಪೂರ್ಣ ಪಿಂಚಣಿಯೊಂದಿಗೆ. ಅದೇ ಪ್ರಾಯದಲ್ಲಿ 2014ರಲ್ಲಿ ಸೇರಿದವರು 2044ರವರೆಗೆ ದುಡಿಯುತ್ತಾರೆ. ಅವರ ಪಿಂಚಣಿಗೆ ಅವರ ಸಂಬಳದ ಒಂದು ಪಾಲು ತಿಂಗಳು ತಿಂಗಳೂ ಹೋಗುತ್ತಿರುತ್ತದೆ.

ಸಂಬಳದ ಏಣಿಯನ್ನೂ ಸ್ವಲ್ಪ ನೋಡೋಣ. 2019ರ ಜುಲೈ 1ರಿಂದ ಲೆಕ್ಕಕ್ಕೆ ಬಂದ ವೇತನ ಪರಿಷ್ಕರಣೆಯಂತೆ ಕೇರಳದ ಸರಕಾರಿ ಸೇವೆಯ ಅತ್ಯಂತ ಕೆಳಗಿನ ಮೂಲವೇತನ ರೂ. 23,000, ಅತ್ಯಂತ ಮೇಲಿನದು ರೂ. 1,66,800. ಪ್ರಾಥಮಿಕ ಶಾಲೆಯ ಅಧ್ಯಾಪಕರ ಶ್ರೇಣಿ 35,600ರಿಂದ 75,400. ಪ್ರೌಢಶಾಲೆಯವರದು 41,300ರಿಂದ 87,000. ವರ್ಷಕ್ಕೊಂದು ವೇತನ ಭಡ್ತಿಯಲ್ಲದೆ, 8, 15 ಮತ್ತು 22 ವರ್ಷದ ಸೇವೆ ತುಂಬಿದಾಗ ಹುದ್ದೆ ಬದಲಾಗದೆಯೇ ಮೇಲಿನ ದರ್ಜೆ ಸಿಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಏರಲು ಮೆಟ್ಟಿಲುಗಳೇ ಇಲ್ಲ; ಮುಖ್ಯೋಪಾಧ್ಯಾಯರ ಹುದ್ದೆಯೊಂದು, ಅದೂ ಎಲ್ಲರಿಗೂ ದೊರೆಯದು. ಆದುದರಿಂದ ಈ ಕಾಲಬದ್ಧ ದರ್ಜೆ ನ್ಯಾಯವಾದ ಏರ್ಪಾಡೆಂದೇ ನನ್ನ ಭಾವನೆ. ಒಂದನೆಯ ತರಗತಿಗೆ ಅಕ್ಷರ ಕಲಿಸುವುದರಲ್ಲಿ ಮೂವತ್ತು ವರ್ಷ ಪಳಗಿದವರಿಗೆ ಹೊಸಬರಿಗಿಂತ ಹೆಚ್ಚು ಸಿಗಬೇಕಾದುದೇ.

ಆದರೆ ಖಜಾನೆಯ ಕಣ್ಣಿಗೆ ಇದು ಬೇರೆಯೇ ಕಾಣುತ್ತದೆ. ಶ್ರೇಣಿಯ ತುದಿ ಅದರ ಬುಡದ ಎರಡರಷ್ಟಕ್ಕಿಂತ ಮೇಲಿದೆ. ಹಿರಿಯರೊಬ್ಬರು ಹೊರಟ ಹುದ್ದೆಯಲ್ಲಿ ಹೊಸಬರು ಕುಳಿತರೆ ಸಂಬಳದ ಖರ್ಚು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಯಾರೂ ಕುಳಿತುಕೊಳ್ಳದಿದ್ದರೆ ಇನ್ನೂ ಇಳಿಯುತ್ತದೆ. ಇನ್ನೊಂದು ಕಡೆ ಹೊರಡುವವರಿಗೆ ಗ್ರಾಚ್ಯುಟಿಯನ್ನೂ ಪಿಂಚಣಿಯ ಪರಿವರ್ತಿತ ಮೊತ್ತವನ್ನೂ ಒಮ್ಮೆಗೇ ಕೊಡಬೇಕು. ಸಾವಿರಗಟ್ಟಲೆ ಮಂದಿಗೆ ಒಂದೇ ತಿಂಗಳಲ್ಲಿ ಕೊಡಬೇಕಾಗಿ ಬಂದಾಗ ನಿವೃತ್ತಿಯ ವಯಸ್ಸನ್ನೇ ಏರಿಸಿದರೆ ಹೇಗೆ ಎಂಬ ಮಾತು ಏಳುತ್ತದೆ. ಏಳುತ್ತಲೇ ಯುವಜನ ಸಂಘಟನೆಗಳು ಬೀದಿಗಿಳಿಯುತ್ತವೆ. 2022ರಲ್ಲಿ ಸಾರ್ವಜನಿಕ ರಂಗದ ಸಂಸ್ಥೆಗಳಲ್ಲಿ 60 ಎಂದು ಹೊರಟ ಆಜ್ಞೆಯನ್ನು ಸರಕಾರ ಕೆಲವೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು. ಎರಡು ಕಡೆಯಲ್ಲೂ ನ್ಯಾಯವಿದೆ. ಅದು ಎಷ್ಟು ಹತ್ತಿರದ ಜಗಳವೆಂಬುದು ನನಗೆ ತಿಳಿದದ್ದು ಅಕ್ಕನ ಮನೆಯ ಅಂಗಳದಲ್ಲಿ.

ಅಲ್ಲಿ ಬಂದವರಿಗೆಲ್ಲ ಪಾಯಸ ಬಡಿಸುತ್ತಿದ್ದವಳು ಆಕೆಯ ಕಡೆಯ ತಂಗಿ. ಪ್ರಾಯ 39. ಇವಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಜನನ ಪ್ರಮಾಣಪತ್ರದಲ್ಲಿ ಗಂಟೆ ನಿಮಿಷ ಮಾತ್ರ ಇಲ್ಲ, ಉಳಿದುದೆಲ್ಲ ಸರಿಯಾಗಿದೆ. ಕನ್ನಡ ಮಾಧ್ಯಮದಲ್ಲೇ ಓದಿ, ಅಧ್ಯಾಪಕ ತರಬೇತಿ ಮುಗಿಸಿ, ಕೆ-ಟೆಟ್ ಪರೀಕ್ಷೆಯನ್ನೂ ದಾಟಿದವಳು. ಹನ್ನೊಂದು ವರ್ಷದಿಂದ ಬೇರೆ ಬೇರೆ ಶಾಲೆಗಳಲ್ಲಿ ದಿನವೇತನದ ಮೇಲೆ ಕಲಿಸುತ್ತಿದ್ದಾಳೆ. ಪಾಠ ನಡೆದ ದಿನಕ್ಕೆ ಸಂಬಳ, ಎಪ್ರಿಲ್ ಮೇ ತಿಂಗಳಿಗೆ ಇಲ್ಲ, ದರ್ಜೆಯೆಂಬುದಿಲ್ಲ, 8ನೆಯ ವರ್ಷವೂ 15ನೆಯ ವರ್ಷವೂ ಅವಳ ಲೆಕ್ಕದಲ್ಲಿ ಬಾರವು.

ಕೇರಳ ಲೋಕಸೇವಾ ಆಯೋಗದ, ಅಂದರೆ ಪಿ.ಎಸ್.ಸಿ.ಯ, ಪ್ರಾಥಮಿಕ ಅಧ್ಯಾಪಕ ಹುದ್ದೆಗೆ ಪ್ರಾಯದ ಮೇಲಿನ ಮಿತಿ 40. ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟ ಜಾತಿ ಮತ್ತು ವರ್ಗದವರಿಗೆ 5 ವರ್ಷ ರಿಯಾಯಿತಿ. ಈಕೆಗೆ ಅದು ಅನ್ವಯಿಸದು. ಪ್ರಾಯವನ್ನು ಎಣಿಸುವುದು ಅಧಿಸೂಚನೆ ಹೊರಟ ವರ್ಷದ ಜನವರಿ 1ಕ್ಕೆ. ಎಂದರೆ ಅಧಿಸೂಚನೆ ಡಿಸೆಂಬರದಲ್ಲಿ ಬಂದರೆ ಒಂದು ಲೆಕ್ಕ, ಹದಿನೈದು ದಿನ ತಡೆದು ಜನವರಿಯಲ್ಲಿ ಬಂದರೆ ಇನ್ನೊಂದು. ಈ ವರ್ಷ ಬಂದರೆ ಅವಳಿಗೆ ಬಾಗಿಲು ತೆರೆದಿದೆ, ಮುಂದಿನ ವರ್ಷ ಬಂದರೆ ಇಲ್ಲ. ಅಕ್ಕನ ತಾರೀಕಿಗೆ ಮಾಸ್ತರರು ಒಂದು ತಿದ್ದುಪಡಿ ಮಾಡಿದರು, ತಂಗಿಯದನ್ನು ತಿದ್ದುವವರಿಲ್ಲ.

ಕನ್ನಡ ಮಾಧ್ಯಮದ ಹುದ್ದೆಗಳಿಗೆ ಪಿ.ಎಸ್.ಸಿ. ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ. ಇದು ನಮ್ಮ ಹಿರಿಯರ ಹೋರಾಟದಿಂದ ಉಳಿದ ಹಕ್ಕು. ಆದರೆ ಸಣ್ಣ ಕೊಳದ ನೀರಿಗೆ ತನ್ನದೇ ಕಷ್ಟವಿದೆ. ಮಲಯಾಳ ಮಾಧ್ಯಮಕ್ಕೆ ಹದಿನಾಲ್ಕು ಜಿಲ್ಲೆಗಳಿಂದ ಬೇಡಿಕೆ ಬರುವುದರಿಂದ ಪರೀಕ್ಷೆ ತಪ್ಪದೆ ನಡೆಯುತ್ತದೆ. ನಮ್ಮದು ಕೆಲವೇ ಹುದ್ದೆ, ಕೆಲವೇ ಅಭ್ಯರ್ಥಿಗಳು. ರೇಂಕ್ ಪಟ್ಟಿಯ ಆಯುಷ್ಯ ಸಾಮಾನ್ಯವಾಗಿ 3 ವರ್ಷ. ಅದು ಮುಗಿದು ಮುಂದಿನ ಪಟ್ಟಿ ಬರುವವರೆಗೆ ನೇಮಕವಿಲ್ಲ. ಇನ್ನು ನೇಮಕ ನಡೆಯುವುದು 20ರ ಒಂದು ಸರದಿಯಂತೆ: ಅರ್ಧ ಸಾಮಾನ್ಯ ಅರ್ಹತೆಗೆ, ಅರ್ಧ ಮೀಸಲಾತಿಯ ಸಮುದಾಯಗಳಿಗೆ. ಯಾವ ಸಮುದಾಯದ ಸರದಿ ಬಂತೋ ಆ ಸಮುದಾಯದ ಅಭ್ಯರ್ಥಿ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಹುದ್ದೆಯನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ, ಎನ್.ಸಿ.ಎ. ಎಂದು ಅದಕ್ಕೆ ಮತ್ತೊಮ್ಮೆ ಅಧಿಸೂಚನೆ ಹೊರಡಬೇಕು. ಮೀಸಲಾತಿಯ ಪಾಲು ಕಳೆದುಹೋಗದಿರಲು ಇದು ಬೇಕಾದ ರಕ್ಷಣೆಯೇ. ಆದರೆ ಅಭ್ಯರ್ಥಿಗಳೇ ಕಡಿಮೆಯಿರುವ ಕನ್ನಡ ಮಾಧ್ಯಮದಲ್ಲಿ ಒಂದೇ ಹುದ್ದೆಗೆ ಮತ್ತೆ ಮತ್ತೆ ಅಧಿಸೂಚನೆ ಹೊರಡುವುದನ್ನು ನಾವು ಕಂಡಿದ್ದೇವೆ. ಪ್ರತಿ ಸುತ್ತಿನಲ್ಲೂ ಒಂದು ತರಗತಿಯ ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತಾರೆ.

ಪ್ರೌಢಶಾಲೆಯಲ್ಲಿ ಕಷ್ಟದ ರೂಪ ಬೇರೆ. ಗಣಿತ, ವಿಜ್ಞಾನ, ಸಮಾಜದಂಥ ಪಾಠಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸಿ, ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ಕುಳಿತ ದಿನಗಳು ನಮ್ಮ ಜಿಲ್ಲೆಯವರಿಗೆ ಮರೆತಿಲ್ಲ. ಕಡತದಲ್ಲಿ ಆ ಹುದ್ದೆ ಭರ್ತಿಯಾಗಿದೆ, ಸಂಬಳವೂ ಶ್ರೇಣಿಯಂತೆ ಹೋಗುತ್ತದೆ. ತರಗತಿಯಲ್ಲಿ ಮಾತ್ರ ಅದು ಖಾಲಿ. ಸರಕಾರಿ ಅಂಕೆಸಂಖ್ಯೆಗಳನ್ನು ಓದುವಾಗ ಈ ಬಗೆಯ ಭರ್ತಿಯನ್ನು ಬೇರೆ ಮಾಡಿ ಕೇಳುವುದು ನಮ್ಮ ಕೆಲಸ. ಬೇರೆ ಯಾರೂ ಕೇಳಲಾರರು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಅಧ್ಯಾಪಕರ ನಿವೃತ್ತಿ ಎಂಬುದು ಸಿಡಿಲಿನಂತೆ ಎರಗುವ ಘಟನೆಯಲ್ಲ. ಅಕ್ಕ ಸೇವೆಗೆ ಸೇರಿದ ದಿನವೇ ಅವರ ಹೆಸರಿನ ಮುಂದೆ ಹುಟ್ಟಿದ ದಿನ ಬರೆಯಲ್ಪಟ್ಟಿತು. ನಿವೃತ್ತಿಯ ನಿಯಮ ಒಮ್ಮೆ ಒಂದು ವರ್ಷ ಸರಿದುದನ್ನು ಬಿಟ್ಟರೆ, ಅವರು ಯಾವ ಮೇ 31ರಂದು ಹೊರಡುತ್ತಾರೆಂಬುದು ಕಚೇರಿಗೆ ಮೂರು ದಶಕದಿಂದ ಗೊತ್ತಿತ್ತು. ಮುಂದಿನ ಮೇಯಲ್ಲಿ ಯಾರು ಹೊರಡುತ್ತಾರೆ, ಅದರ ಮುಂದಿನ ಮೇಯಲ್ಲಿ ಯಾರು ಎಂಬುದೂ ಇಂದೇ ಗೊತ್ತಿದೆ. ಹಾಗಿದ್ದೂ ತೆರವಾಗಲಿರುವ ಹುದ್ದೆ ಪಿ.ಎಸ್.ಸಿ.ಗೆ ವರದಿಯಾಗುವುದು ತಡವಾಗಿ. ವರದಿಯಾಗದ ಹುದ್ದೆಗೆ ಅಧಿಸೂಚನೆ ಇಲ್ಲ, ಅಧಿಸೂಚನೆ ಇಲ್ಲದಿದ್ದರೆ 39ರವಳು 40 ದಾಟುತ್ತಾಳೆ. ಮುಖ್ಯೋಪಾಧ್ಯಾಯರು ನಿವೃತ್ತರಾದರೆ ಇನ್ನೂ ಒಂದು ಸುತ್ತು: ಹಿರಿಯ ಅಧ್ಯಾಪಕರೊಬ್ಬರು ಭಡ್ತಿ ಪಡೆದು ಬೇರೊಂದು ಶಾಲೆಗೆ ಹೋಗುತ್ತಾರೆ, ಆ ತರಗತಿ ಖಾಲಿಯಾಗುತ್ತದೆ, ಭಡ್ತಿಯ ಪಟ್ಟಿ ಹೊರಡುವುದು ಶಾಲೆ ತೆರೆದ ಮೇಲೆ. ನಮ್ಮ ಊರುಗಳಲ್ಲಿ ತೆಂಗಿನ ಸಸಿಯನ್ನು ಹಳೆಯ ಮರ ಬೀಳುವ ಮೊದಲೇ ನೆಡುತ್ತಾರೆ. ಇಲಾಖೆಯಲ್ಲಿ ಇದನ್ನು ತಿಳಿದವರಿಲ್ಲವೆಂದಲ್ಲ. ಖಾಲಿ ಬಿಟ್ಟ ಪ್ರತಿ ತಿಂಗಳೂ ಖಜಾನೆಗೆ ಉಳಿತಾಯವಾಗಿರುವಾಗ ಅವಸರ ಮಾಡುವವರಾರು?

ಖಾಲಿ ಹುದ್ದೆಯನ್ನು ತುಂಬಿಸುವುದಕ್ಕಿಂತ ಮೊದಲು ಹುದ್ದೆಯೇ ಉಳಿಯಬೇಕು. ಅದು ಉಳಿಯುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ಜೂನ್ ತಿಂಗಳ ಮೊದಲ ದಿನಗಳಲ್ಲಿ. ಶಾಲೆ ತೆರೆದ ಆರನೆಯ ಕೆಲಸದ ದಿನ ಹಾಜರಿಯಲ್ಲಿರುವ ಮಕ್ಕಳ ಸಂಖ್ಯೆಯೇ ವರ್ಷದ ಹುದ್ದೆ ನಿರ್ಣಯಕ್ಕೆ ಆಧಾರ. ಶಿಕ್ಷಣ ಹಕ್ಕು ಕಾಯಿದೆಯ ಅಳತೆಯಲ್ಲಿ ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ, 6ರಿಂದ 8ರ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬ ಅಧ್ಯಾಪಕರು. ಸಂಖ್ಯೆ ಅಂಚಿನಲ್ಲಿರುವ ಶಾಲೆಯಲ್ಲಿ ಒಂದೆರಡು ಮಕ್ಕಳ ಕೊರತೆಯಿಂದ ಒಂದು ಡಿವಿಜನ್ ಬೀಳುತ್ತದೆ, ಅದರೊಂದಿಗೆ ಒಂದು ಹುದ್ದೆ ಹೋಗುತ್ತದೆ. ಹೋಗುವವರು ಯಾವಾಗಲೂ ಸೇವೆಯಲ್ಲಿ ಕಿರಿಯರು. ತರಗತಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆಗೆ ಆದಾಯವಿಲ್ಲದ ಶಾಲೆ ಎಂಬ ಮುದ್ರೆ ಬೀಳುತ್ತದೆ. ಶಾಲೆಯಿಂದ ಆದಾಯ ನಿರೀಕ್ಷಿಸುವ ಈ ಹೆಸರನ್ನು ಇಟ್ಟ ಪುಣ್ಯಾತ್ಮರು ಯಾರೋ!

ಹೆತ್ತವರಲ್ಲಿ ಕೆಲವರು ಮದುವೆ, ನೆಂಟರ ಮನೆ ಎಂದು ಮಗುವನ್ನು ಜೂನ್ ಎರಡನೆಯ ವಾರದಲ್ಲಿ ಕಳುಹಿಸುವುದುಂಟು. ಇನ್ನು ಕೆಲವರು ಆಂಗ್ಲ ಮಾಧ್ಯಮದ ಶಾಲೆಯಲ್ಲಿ ಸೀಟು ಸಿಕ್ಕೀತೇ ಎಂದು ಕಾಯುತ್ತಾ, ಸಿಗದಾಗ ತಿಂಗಳ ಕೊನೆಗೆ ನಮ್ಮಲ್ಲಿಗೆ ಬರುತ್ತಾರೆ. ಬಂದರೆ ಸಂತೋಷವೇ, ಆದರೆ ಆ ವರ್ಷದ ಲೆಕ್ಕಕ್ಕೆ ಆ ಮಗು ಇರುವುದಿಲ್ಲ. ಕಲಿಸುವವರಿಲ್ಲವೆಂದು ಮಗುವನ್ನು ಬೇರೆ ಕಡೆ ಸೇರಿಸುವವರನ್ನೂ ನಾನು ದೂರಲಾರೆ. ಅಧ್ಯಾಪಕರಿಲ್ಲವೆಂದು ಮಕ್ಕಳು ಬಿಡುತ್ತಾರೆ, ಮಕ್ಕಳಿಲ್ಲವೆಂದು ಹುದ್ದೆ ಬೀಳುತ್ತದೆ. ಮೊದಲು ತಪ್ಪಿದವರು ಯಾರೆಂದು ಹುಡುಕುತ್ತಾ ಕುಳಿತರೆ ಇನ್ನೊಂದು ಜೂನ್ ಬರುತ್ತದೆ.

ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಬಿಸಿಯೂಟ, ಸಮವಸ್ತ್ರ, ಶಾಲಾ ವಾರ್ಷಿಕೋತ್ಸವಗಳ ಮಾತು ನಡೆಯುತ್ತದೆ. ಅದರೊಂದಿಗೆ ಒಂದು ಪ್ರಶ್ನೆಯನ್ನು ಸೇರಿಸಿರಿ: ಬರುವ ಎರಡು ಮೇ ತಿಂಗಳಲ್ಲಿ ನಮ್ಮ ಶಾಲೆಯಿಂದ ಯಾರು ನಿವೃತ್ತರಾಗುತ್ತಾರೆ, ಅದು ಮೇಲಿನ ಕಚೇರಿಗೆ ವರದಿಯಾಗಿದೆಯೇ? ಮುಖ್ಯೋಪಾಧ್ಯಾಯರು ಹೇಳಲು ಹಿಂಜರಿಯಬೇಕಾದ ವಿಷಯ ಇದಲ್ಲ. ಉತ್ತರ ದೊರೆಯದಿದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಜಿಲ್ಲೆಯಲ್ಲಿ ಕನ್ನಡ ಮಾಧ್ಯಮಕ್ಕೆ ಮಂಜೂರಾದ ಹುದ್ದೆ ಎಷ್ಟು, ಖಾಯಂ ಭರ್ತಿ ಎಷ್ಟು, ದಿನವೇತನದಲ್ಲಿ ಎಷ್ಟು, ಪಿ.ಎಸ್.ಸಿ.ಗೆ ವರದಿಯಾದುದು ಎಷ್ಟು ಮತ್ತು ಯಾವ ದಿನ ಎಂದು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಡನೆ ಮಾತ್ರವಲ್ಲ, ತಿರುವನಂತಪುರದ ಸೆಕ್ರೆಟೇರಿಯೇಟಿನೊಡನೆಯೂ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ ಸಂವಿಧಾನದ 350 ಎ ಅನುಚ್ಛೇದವನ್ನೂ ಅದರಲ್ಲಿ ಕಾಣಿಸಿದರೆ ಲೇಸು.

ಮನೆಯಲ್ಲಿ ತರಬೇತಿ ಮುಗಿಸಿದ ಮಗಳೋ ಸೊಸೆಯೋ ಇದ್ದರೆ ಪಿ.ಎಸ್.ಸಿ.ಯ ಅಧಿಸೂಚನೆಯನ್ನು ತಿಂಗಳು ತಿಂಗಳೂ ನೋಡಿಕೊಳ್ಳಲು ಹೇಳಿರಿ. ಅಧ್ಯಾಪಕ ಹುದ್ದೆಯೊಂದೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗೂ ಪ್ರತ್ಯೇಕ ನೇಮಕವಿದೆ. ಅದರ ಪ್ರಾಯಮಿತಿ ಇನ್ನೂ ಕೆಳಗೆ, 36. ಪದವಿ ಮುಗಿಸಿ, ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗುವಷ್ಟಾದ ಮೇಲೆ ನೋಡೋಣ ಎಂದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ಈ ಬರಹ ಮುಗಿಸುವ ಹೊತ್ತಿಗೆ ಅಕ್ಕನ ಮನೆಯಿಂದ ಸುದ್ದಿ ಬಂದಿದೆ. ಅಕ್ಕ ಬಿಟ್ಟುಬಂದ ಶಾಲೆಯಲ್ಲಿ ಖಾಲಿ ಹುದ್ದೆಗೆ ದಿನವೇತನದ ಸಂದರ್ಶನ ಗುರುವಾರ ಬೆಳಗ್ಗೆ 10 ಗಂಟೆಗೆ. ತಂಗಿ ಪ್ರಮಾಣಪತ್ರಗಳ ಕಟ್ಟನ್ನು ಹೊರತೆಗೆದಿದ್ದಾಳೆ. ಒಂದನೆಯ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಸೇರಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಕೇಳಿ ತಿಳಿದುಕೊಂಡರಂತೆ. ಇಪ್ಪತ್ತೆಂಟು. ಆರನೆಯ ದಿನಕ್ಕೆ ಇನ್ನೂ ಎರಡು ದಿನವಿದೆ.